ಲೋಟದ ಕೇಸು

ಸೀತಾಬಾಯಿ ಮೂರನೆಯ ಸಲ ಸೂಟ್‌ಕೇಸ್ ಬಿಚ್ಚಿ ಸೀರೆಗಳನ್ನೆಲ್ಲ ಹಾಸಿಗೆಯ ಮೇಲೆ ಹರವಿದರು. ಲೋಟ ಅಲ್ಲೂ ಇರಲಿಲ್ಲ. ಹಾಲ್‌ಗೆ ಬಂದು ಸೊಸೆಯ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ತುಳಸಿ, ನನ್ನ ಲೋಟಾ ಸಿಗೂತನಕಾ ನಾ ವಿಮಾನ ಹತ್ತೂದಿಲ್ಲ. ಲೋಟಾ ಬಿಟ್ಟು ನಾ ಎಲ್ಲೂ ಹೋಗೂದಿಲ್ಲಂತ ಬಂದ ದಿನಾನ ಹೇಳಿದ್ದೆ, ಈಗೂ ಹೇಳತೀನಿ."

ನಾಳೆ ಸಂಜೆ ಡಾಲಸ್‌ನಿಂದ ವಿಮಾನ. ಆರು ತಿಂಗಳ ಹಿಂದೆ ಧಾರವಾಡದಿಂದ ಮಗನ ಮನೆಗೆ ಬಂದಾಗ ಅತ್ತೆಯ ಕೈಚೀಲದಿಂದ ಮೊದಲು ಹೊರಬಿದ್ದದ್ದೇ ಆ ಸ್ಟೀಲ್ ಲೋಟ. ಮದುವೆಯಲ್ಲಿ ತವರಿನವರು ಕೊಟ್ಟದ್ದು. ಮೈಮೇಲೆ ಚುಕ್ಕಿ ಚುಕ್ಕಿಯಾಗಿ ಅವರ ಹೆಸರು ಕೆತ್ತಿದೆ. ಡಾಲಸ್ ಪಕ್ಕದ ಲಿಟಲ್ ಎಲ್ಮ್ ಊರಿನ ಈ ಮನೆಯಲ್ಲಿ ಎರಡು ಡಜನ್ ಮಗ್‌ಗಳಿದ್ದರೂ ಅವರಿಗೆ ಚಹಾ ಅದರಲ್ಲೇ ಆಗಬೇಕು.

ತುಳಸಿ ಒಲೆಯ ಮೇಲೆ ಕುಕ್ಕರ್ ಇಟ್ಟು, ಅದು ಕೂಗುವಷ್ಟರಲ್ಲಿ ಮುಗಿಸಿಬಿಡೋಣವೆಂದು ಕಂದು ಬಣ್ಣದ ಲಂಗಕ್ಕೆ ಅಂಚು ಹೊಲಿಯುತ್ತಿದ್ದಳು. ನಾಳೆ ಬೆಳಿಗ್ಗೆ ಮಗಳು ನಿಹಾರಿಕಾ ಇದನ್ನುಟ್ಟು ಶಾಲೆಯಲ್ಲಿ ಕೈದಿಯಾಗಬೇಕು. ತರಗತಿಯ ಮಕ್ಕಳೆಲ್ಲ ಹಳೆಯ ಕಾಲದ ಒಬ್ಬೊಬ್ಬರನ್ನು ಕಲ್ಪಿಸಿಕೊಂಡು ಅವರ ಹಾಗೇ ಮಾತಾಡಬೇಕಂತೆ. ಉಳಿದ ಹುಡುಗಿಯರು ರಾಣಿಯೋ ನರ್ಸೋ ಆಗುತ್ತಿದ್ದರೆ, ಹನ್ನೊಂದು ವರ್ಷದ ಈ ಮಹಾತಾಯಿ ಇಂಗ್ಲೆಂಡಿನಿಂದ ಗಡೀಪಾರಾದ ಕಳ್ಳಿಯನ್ನು ಆರಿಸಿಕೊಂಡು ಬಂದಿದ್ದಳು.

"ನಾನು ಹ್ಯಾನಾ," ನಿಹಾರಿಕಾ ಸ್ಟೂಲಿನ ಮೇಲೆ ನಿಂತು ಒಪ್ಪಿಸಿದಳು. ಅಜ್ಜಿಗೆ ತಿಳಿಯಲೆಂದು ತುಳಸಿ ಅದನ್ನು ಕನ್ನಡದಲ್ಲೂ ಬಾಯಿಪಾಠ ಮಾಡಿಸಿದ್ದಳು. "ಮೂರು ಗಜ ಬಟ್ಟೆ ಕದ್ದೆ. ಏಳು ವರ್ಷ ಶಿಕ್ಷೆ. ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಕಳಿಸಿದರು."

"ಹೋದ ವರ್ಷ ಕನ್ನಡ ಸಂಘದಾಗ ಕಿತ್ತೂರು ಚೆನ್ನಮ್ಮ, ಈ ವರ್ಷ ಕಳ್ಳಿ," ಎಂದರು ಸೀತಾಬಾಯಿ, ಸೋಫಾದ ದಿಂಬು ಎತ್ತಿ ನೋಡುತ್ತ. "ಭಾಳ ಛಲೋ ನಡದದ ನಿನ್ನ ಅಭ್ಯಾಸ."

"ಅಜ್ಜಿ, ಶಿ ವಾಸ್ ಕೋಲ್ಡ್!"

"ಚಳಿ ಆದ್ರ ಕೇಳಿ ಇಸ್ಕೋಬೇಕು. ಕದೀತಾರೇನು?"

ನಿಹಾರಿಕಾ ಮೇಜಿನ ಮೇಲಿದ್ದ ಬೆಳ್ಳಿಬಣ್ಣದ ಬಿಲ್ಲೆಯೊಂದನ್ನು ತೋರಿಸಿದಳು. ಹಡಗು ಹತ್ತುವ ಮುಂಚೆ ಕೈದಿಗಳು ಒಂದು ಕಾಸನ್ನು ತಿಕ್ಕಿ ನುಣುಪು ಮಾಡಿ, ಅದರ ಮೇಲೆ ಹೆಸರು ಕೆತ್ತಿ, ಊರಲ್ಲಿ ಉಳಿಯುವವರ ಕೈಗೆ ಕೊಡುತ್ತಿದ್ದರಂತೆ. ಇವಳು ರಟ್ಟಿಗೆ ಅಡುಗೆಮನೆಯ ಫಾಯಿಲ್ ಸುತ್ತಿ, ಅಜ್ಜಿ ಕಲಿಸಿದ ಅಕ್ಷರಗಳನ್ನು ಬಾಲ್‌ಪೆನ್ನಿನಿಂದ ಒತ್ತಿದ್ದಳು: 'ನಿಹಾರಿಕಾ. ಮರೀಬೇಡಿ.'

"ಹ್ಯಾನಾ ಅಂತ ಬರೀಬೇಕಿತ್ತಲ್ವೇನೇ?" ಎಂದಳು ತುಳಸಿ. ಮಗಳು ಭುಜ ಕುಣಿಸಿದಳು.

"ಕಳ್ಳರ ಕಾಸು ತಗೊಂಡು ನನಗೇನಾಗಬೇಕು?" ಸೀತಾಬಾಯಿ ಅದರತ್ತ ಕಣ್ಣೂ ಹಾಯಿಸದೆ ಶೂ ಕಪಾಟಿನೊಳಗೆ ತಲೆ ತೂರಿಸಿದರು. "ಮೊದಲ ನನ್ನ ಲೋಟಾ ಹುಡಕರಿ."

ಅಂಚು ಮುಗಿಸಿ ಲಂಗ ಮಡಚುವಾಗ ತುಳಸಿಗೆ ಅದರ ಜೇಬು ಯಾಕೋ ಭಾರವೆನಿಸಿತು. ಬಟ್ಟೆಯ ಮೇಲಿನಿಂದಲೇ ಸವರಿದಳು. ಗುಂಡನೆಯ ಕಂಠ, ಚುಕ್ಕಿ ಚುಕ್ಕಿ ಅಕ್ಷರ. ತಲೆಯೆತ್ತಿ ಮಗಳನ್ನು ನೋಡಿದಳು. ಮಗಳು ಸೀಲಿಂಗ್ ಫ್ಯಾನನ್ನು ಅಷ್ಟು ಶ್ರದ್ಧೆಯಿಂದ ಹಿಂದೆಂದೂ ನೋಡಿದ್ದಿಲ್ಲ.

ಗದರಬೇಕೆಂದುಕೊಂಡ ತುಳಸಿಗೆ ಗದರಲಾಗಲಿಲ್ಲ. "ಅತ್ತೆ, ಇಲ್ಲಿ ಬನ್ನಿ, ಈ ಕುರ್ಚಿ ಮೇಲೆ ಕೂತ್ಕೊಳ್ಳಿ. ನಮ್ಮ ನಾಟಕಕ್ಕೆ ಜಡ್ಜ್ ಒಬ್ರು ಕಮ್ಮಿ ಇದ್ದಾರೆ."

"ನನ್ನ ಲೋಟಾದ ಚಿಂತಿ ನನಗ, ನಿನಗ ನಾಟಕ!"

"ಲೋಟದ್ದೇ ಕೇಸು," ಎಂದು ತುಳಸಿ ಅದನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟಳು.

ಸೀತಾಬಾಯಿ ಕುರ್ಚಿಯಲ್ಲಿ ಕೂತೇ ಬಿಟ್ಟರು. ಲೋಟ ನೋಡಿದರು, ಮೊಮ್ಮಗಳನ್ನು ನೋಡಿದರು. ಕುಕ್ಕರ್ ಕೂಗಿತು. ಯಾರೂ ಏಳಲಿಲ್ಲ.

"ಯಾಕ ಕದ್ದಿ?"

"ಲೋಟ ಇಲ್ದೆ ಹೋಗಲ್ಲ ಅಂದ್ರಲ್ಲ," ನಿಹಾರಿಕಾ ಸ್ಟೂಲಿನಿಂದ ಇಳಿದಳು. "ಅದಕ್ಕೇ."

ಆರು ತಿಂಗಳಿಂದ ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸಿದ ಹುಡುಗಿ. ಈ ಮಾತನ್ನು ಯಾರೂ ಬಾಯಿಪಾಠ ಮಾಡಿಸಿರಲಿಲ್ಲ.

ಸೀತಾಬಾಯಿ ಲೋಟ ಎತ್ತಿಕೊಂಡು, ಕೊಳೆಯೇನೂ ಇಲ್ಲದಿದ್ದರೂ ಸೆರಗಿನಿಂದ ಬಹಳ ಹೊತ್ತು ಒರೆಸಿದರು. ಆಮೇಲೆ ಜಡ್ಜ್ ಹಾಗೆ ನೆಟ್ಟಗೆ ಕೂತರು.

"ಏಳು ವರ್ಷ."

"ವಾಟ್?"

"ಏಳು ವರ್ಷ ಈ ಲೋಟಾ ನಿನ್ನ ಹತ್ರ ಇರಬೇಕು. ದಿನಾ ಮುಂಜಾನೆ ಇದರ ತುಂಬ ಹಾಲು ಕುಡೀಬೇಕು. ತಳಾ ಕಾಣೂ ಹಂಗ."

ಹಾಲೆಂದರೆ ಮೂಗು ಹಿಡಿದುಕೊಳ್ಳುವ ಹುಡುಗಿ ಕಿರುಚಿದಳು. "ಅಮ್ಮಾ, ನನ್ನನ್ನ ಆಸ್ಟ್ರೇಲಿಯಾಕ್ಕೇ ಕಳಿಸು!"

"ಶಿಕ್ಷಾ ಅಂದ್ರ ಶಿಕ್ಷಾ. ಇನ್ನೊಬ್ಬರದು ಮುಟ್ಟಿದವರಿಗೆ ಹಿಂಗ ಆಗಬೇಕು," ಎಂದು ಸೀತಾಬಾಯಿ ಎದ್ದು ಕುಕ್ಕರ್ ಆರಿಸಲು ಹೋದರು. ಅಂದು ಸಂಜೆಯ ಚಹಾವನ್ನು ಮಗ್‌ನಲ್ಲೇ ಕುಡಿದರು. ಮುಖ ಹುಳ್ಳಗೆ ಮಾಡಿಕೊಂಡರು, ಆದರೂ ಕುಡಿದರು.

ಮರುದಿನ ಬೆಳಿಗ್ಗೆ ಸ್ಕೂಲ್ ಬಸ್ಸಿಗೆ ಹತ್ತು ನಿಮಿಷವಿರುವಾಗ ಫಾಯಿಲ್ ಕಾಸು ಕಾಣಲಿಲ್ಲ. ಮೇಜಿನ ಕೆಳಗೆ, ಸೋಫಾದ ಸಂದಿಯಲ್ಲಿ, ಲಂಗದ ಜೇಬಿನಲ್ಲಿ, ಎಲ್ಲೂ ಇಲ್ಲ. ಆರು ತಿಂಗಳಿಂದ ಮನೆಯಲ್ಲಿ ಸೂಜಿ ಕಳೆದರೂ ಮೊದಲು ಹುಡುಕಲು ಏಳುತ್ತಿದ್ದ ಸೀತಾಬಾಯಿ, ಅಂದು ಎಲೆಯಡಿಕೆ ಸಂಚಿಯನ್ನು ಮಡಿಲಲ್ಲಿ ಒತ್ತಿ ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದರು.

ತುಳಸಿ ಒಮ್ಮೆ ಸಂಚಿಯ ಕಡೆ ನೋಡಿ ಕತ್ತರಿ ಕೈಗೆತ್ತಿಕೊಂಡಳು. "ಬಿಡು ಪುಟ್ಟಾ, ಇನ್ನೊಂದು ಮಾಡೋಣ."

"ಈ ಸಲಾ ಅಕ್ಷರ ಒಂದೀಟು ದೊಡ್ಡೂ ಬರಿಯವಾ," ಸೀತಾಬಾಯಿ ಕಿಟಕಿಯಿಂದ ಮುಖ ತಿರುಗಿಸದೆಯೇ ಹೇಳಿದರು. "ಚಸ್ಮಾ ಹಾಕ್ಕೊಂಡು ನಾಕ ಸಲಾ ಓದಬೇಕಾತು."