ಹಸಿರು ಬಳೆಯ ಒಡಪು

ಆಟೋದ ಹಿಂಬದಿಗೆ ಸ್ಟಿಕರ್ ಅಂಟಿಸಿ, ಒಂದು ಗುಳ್ಳೆಯೂ ಉಳಿಯದಂತೆ ಅಂಗೈಯಿಂದ ಉಜ್ಜಿ, ಗುರುಶಾಂತ ಹೆಂಡತಿಯನ್ನು ಹೊರಗೆ ಕರೆದ. ಹಳದಿಯ ಮೇಲೆ ಕೆಂಪಕ್ಷರ: 'ನಮ್ಮದು ಕಲ್ಯಾಣ ಕರ್ನಾಟಕ. ಹೈದರಾಬಾದ್ ಹೆಸರು ಇನ್ನು ಸಾಕು.' ಬೀದರ್ ಕಡೆಯ ಅವನ ಊರೂ ಸೇರಿದಂತೆ ಇಡೀ ಸೀಮೆಗೆ ನಿಜಾಮನ ಕಾಲದಿಂದ ಅಂಟಿಕೊಂಡಿದ್ದ 'ಹೈದರಾಬಾದ್ ಕರ್ನಾಟಕ' ಎಂಬ ಹೆಸರನ್ನು ಸರ್ಕಾರ ಆ ತಿಂಗಳಷ್ಟೇ ಬದಲಿಸಿತ್ತು. ಊರಿಗೆ ಹೋದವನು ಸ್ಟಿಕರ್ ಹಿಡಿದು ಬಂದಿದ್ದ. ಅಂಟಿಸಿದ್ದು ಮಾತ್ರ ಹೈದರಾಬಾದಿನ ಜೀಡಿಮೆಟ್ಲಾದಲ್ಲಿ ನಿಂತು.

"ಈ ಊರಾಗ ದುಡದು ತಿಂದು, ಈ ಊರ ಹೆಸರ ಸಾಕಂತೀರಲ್ರಿ," ಎಂದಳು ಗುರುದೇವಿ.

"ಊರು ಬ್ಯಾಡ ಅಂದಿಲ್ಲ. ನಿಜಾಮನ ಕಾಲದಾಗ ನಮ್ಮ ಅಜ್ಜಗ ಕನ್ನಡ ಸಾಲಿ ಸಿಗಲಿಲ್ಲ. ಸಾಯೋತನಕ ಹೆಬ್ಬಟ್ಟ ಒತ್ತಿದ. ಆ ಹೆಸರು ನಮ್ಮ ನೆಲದ ಮ್ಯಾಲ ಯಾಕಿರ್ಬೇಕು?"

ಮಾತಿನಲ್ಲಿ ನ್ಯಾಯವಿತ್ತು. ಆದರೆ ಗುರುಶಾಂತ ಅಷ್ಟಕ್ಕೇ ನಿಲ್ಲುವ ಆಸಾಮಿಯಲ್ಲ. ಮನೆಯೊಳಗೂ ಯಾರೂ ಹೈದರಾಬಾದ್ ಎನ್ನಕೂಡದು ಎಂದ. ದಿನವಿಡೀ ಹೈಟೆಕ್ ಸಿಟಿಯ ಗಾಜಿನ ಕಟ್ಟಡಗಳಿಗೆ ಸಾಫ್ಟ್‌ವೇರ್ ಹುಡುಗ ಹುಡುಗಿಯರನ್ನು ಹೊತ್ತು ತಿರುಗಿ ಬಂದು, ಸಂಜೆ 'ಈ ಊರಾಗ ಭಾಳ ಟ್ರಾಫಿಕ್' ಎನ್ನುತ್ತಿದ್ದ. ಸಿಕಂದರಾಬಾದ್ ಅಂದರೆ ನಡೆಯುತ್ತದೋ ಎಂದು ಗುರುದೇವಿ ಕೇಳಿದರೆ ಮುಖ ಊದಿಸಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಪಕ್ಕದ ಗಲ್ಲಿಯ ಸಾವಿತ್ರಿಬಾಯಿಯ ಬಸುರಿ ಸೊಸೆಗೆ ಕುಬಸ, ಅಂದರೆ ಸೀಮಂತ, ಬಂತು. ಕುಬಸವೆಂದರೆ ಆರತಿಯಾದ ಮೇಲೆ ಮುತ್ತೈದೆಯರೆಲ್ಲ ಪ್ರಾಸದ ಒಡಪು ಕಟ್ಟಿ ಅದರಲ್ಲಿ ಗಂಡನ ಹೆಸರು ಹೇಳಬೇಕು. ಉಳಿದ ದಿನ ಗುರುದೇವಿಗೆ ಅವನು ಬರೀ 'ಏನ್ರಿ'. ಇಂಥ ಕಾರ್ಯಗಳಲ್ಲಿ ಮಾತ್ರ ಅವಳ ಬಾಯಲ್ಲಿ 'ಗುರುಶಾಂತ' ಬರುತ್ತಿತ್ತು. ಅದನ್ನು ಕೇಳಲೆಂದೇ ಅವನು, ಕರೆದುಕೊಂಡು ಹೋಗಲು ಬಂದೆ ಎಂಬ ನೆವದಲ್ಲಿ, ಹೊತ್ತಿಗೆ ಮುಂಚೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಅದು ಅವಳಿಗೆ ಗೊತ್ತಿಲ್ಲವೆಂದು ಪಾಪ, ಅವನ ನಂಬಿಕೆ.

ಅವಳದು ಒಂದೇ ಒಡಪು. ಮದುವೆಯಾದ ಹೊಸದರಲ್ಲಿ ಅವನು ಅವಳನ್ನು ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಇಳಿಸಿಕೊಂಡು, ಮನೆಗೆ ಹೋಗುವ ಮೊದಲು ಬಳೆಯಂಗಡಿಗೆ ಕರೆದೊಯ್ದಿದ್ದ. ಒಡಪು ಅಲ್ಲಿ ಹುಟ್ಟಿದ್ದು. ಶುರುವಾಗುವುದೇ ಹೈದರಾಬಾದಿನಿಂದ.

ಕುಬಸದ ಬೆಳಿಗ್ಗೆ ಗುರುಶಾಂತ ಮೆಲ್ಲಗೆ, ಆ ಜಾಗದಲ್ಲಿ ಕಲ್ಯಾಣ ಅಂತ ಹಾಕಿಕೊಳ್ಳಬಹುದಲ್ಲ ಎಂದ.

"ಕಲ್ಯಾಣದಾಗ ನಾ ಬಳಿ ತೊಟ್ಟಿಲ್ಲಲ್ರಿ," ಎಂದು ಅವಳು ಸೆರಗು ಸರಿಮಾಡಿಕೊಂಡು ಹೊರಟಳು.

ಆರತಿಯಾಯಿತು. ಒಬ್ಬೊಬ್ಬರೇ ನಾಚುತ್ತ ಹೆಸರು ಹೇಳಿದರು. ಗುರುದೇವಿಯ ಸರದಿ ಬಂದಾಗ ಅವಳು ತಲೆಯಾಡಿಸಿಬಿಟ್ಟಳು. ಸಾವಿತ್ರಿಬಾಯಿ ಬಿಡಲಿಲ್ಲ, ಯಾಕೆ ಏನು ಎಂದು ಕೆದಕಿದಳು.

"ನಮ್ಮ ಮನಿಯಾಗ ಆ ಊರ ಹೆಸರು ಅನ್ನಂಗಿಲ್ಲವ್ವ. ಊರ ಹೆಸರು ಬಿಟ್ರ ಅವರ ಹೆಸರೂ ಬರಂಗಿಲ್ಲ."

ಹೆಂಗಸರು ನಕ್ಕರು. ಸಾವಿತ್ರಿಬಾಯಿ ಬಾಗಿಲ ಕಡೆ ಒಮ್ಮೆ ನೋಡಿ, ಮುಂದಿನ ಸರದಿಗೆಂದು ಪಕ್ಕದವಳತ್ತ ತಿರುಗಿದಳು. ಬಾಗಿಲಲ್ಲಿ ಗುರುಶಾಂತ ಆಟೋದ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತಿದ್ದ. ಇನ್ನೊಂದು ಕುಬಸ ಯಾರ ಮನೆಯಲ್ಲೋ, ಯಾವಾಗಲೋ. ಆಗಲೂ ಅವಳು ಹೀಗೇ ತಲೆಯಾಡಿಸಿದರೆ? ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

"ಹೈದರಾಬಾದ್ ಶಹರದಾಗ..." ಎಂಬ ಗಂಡಸಿನ ದನಿ ಬಾಗಿಲಿನಿಂದ ಬಂತು.

ಎಲ್ಲರೂ ತಿರುಗಿ ನೋಡಿದರು. ಗುರುಶಾಂತ ಹೊಸ್ತಿಲ ರಂಗೋಲಿ ನೋಡುತ್ತಿದ್ದ. ಗುರುದೇವಿ ತಲೆಯ ಮೇಲೆ ಸೆರಗೆಳೆದುಕೊಂಡು, ಅವನು ಬಿಟ್ಟಲ್ಲಿಂದ ಎತ್ತಿಕೊಂಡಳು.

"...ಹಸಿರು ಬಳಿ ತೊಟ್ಟೆ, ಗುರುಶಾಂತರ ಮನಿಯಾಗ ಬಲಗಾಲು ಇಟ್ಟೆ."

ಅವಳು ಹೊರಗೆ ಬಂದಾಗ ಗುರುಶಾಂತ ಆಟೋದ ಹಿಂದೆ ನಿಂತು ಸ್ಟಿಕರ್‌ನ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸುತ್ತಿದ್ದ. ಗುರುದೇವಿ ಅವನ ಕೈ ಸರಿಸಿ, ಎದ್ದಿದ್ದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿದಳು.

"ಇರ್ಲಿ ಬಿಡ್ರಿ, ಅದು ನಿಮ್ಮ ಅಜ್ಜಂದು," ಎಂದಳು. "ಹೈದರಾಬಾದ್ ನಂದು."