ಅಡುಗೆಮನೆಯ ಅರಬ್ಬಿ

ಬಾಲ್ಕನಿಯ ಬಾಗಿಲಾಚೆ ಇವತ್ತೂ ಗಂಡಸಿನ ನಗು ಕೇಳಿಸಿತು. ಫೋನಿನಿಂದ. ಹುಡುಗಿ ಪಾಠದ ಪುಸ್ತಕವನ್ನು ಮುಖದ ಮೇಲೆ ಕವುಚಿಕೊಂಡು ಮಲಗಿದಳು. ಕಿವಿ ಮಾತ್ರ ಬಾಗಿಲಲ್ಲೇ ಇತ್ತು.

ಅರಬ್ಬಿ ಕಲಿಯಲೆಂದು ಪರದೇಶಕ್ಕೆ ಬಂದು, ಬೆಳಗಿನಿಂದ ಸಂಜೆಯವರೆಗೆ ಗಂಟಲಾಳದಿಂದ ಅಕ್ಷರ ಹೊರಡಿಸಿ ಅವಳಿಗೆ ಸಾಕುಸಾಕಾಗಿತ್ತು. ಅನುವಾದಕಿಯ ಕೆಲಸ ಸಿಗುವವರೆಗೆ ಹಲ್ಲುಕಚ್ಚಿಕೊಂಡಿರಬೇಕು, ಸರಿ. ಆದರೆ ಕೋಣೆ ಹಂಚಿಕೊಂಡ ದೊಡ್ಡಕ್ಕನಿಗೆ, ಐವತ್ತು ದಾಟಿದ ಮೇಲೆ, ಇದೆಲ್ಲ ಯಾಕೆ ಬೇಕಿತ್ತು? ಊರಲ್ಲಿ ಲಕ್ವ ಹೊಡೆದು ಮಲಗಿದ ಗಂಡ. ಅವರನ್ನು ಮಗನ ಕೈಗೊಪ್ಪಿಸಿ ಬಂದಿದ್ದರು.

ಓದಿನಲ್ಲಾದರೂ ಮನಸ್ಸಿತ್ತೇ? ಅದೂ ಇಲ್ಲ. ಮೇಷ್ಟ್ರು ವಾರ್ತೆಯ ಭಾಷೆ ಕಲಿಸುವಾಗ ದೊಡ್ಡಕ್ಕ ತೂಕಡಿಸುತ್ತಿದ್ದರು. ತರಗತಿ ಮುಗಿದದ್ದೇ ತಡ, ಮನೆ ಮಾಲೀಕಳ ಅಡುಗೆಮನೆ ಸೇರಿ, ಅವಳು ಮೊಮ್ಮಕ್ಕಳನ್ನು ರಮಿಸುವ ಮಾತುಗಳನ್ನೇ ಗಿಳಿಪಾಠ ಒಪ್ಪಿಸುತ್ತಿದ್ದರು. ಇನ್ನೊಂದು ತುತ್ತು. ಹೆದರಬೇಡ. ಇದು ನಿನ್ನದೇ ಮನೆ.

"ಪರೀಕ್ಷೇಲಿ ಇದನ್ನ ಕೇಳ್ತಾರಾ ಅಕ್ಕಾ?" ಎಂದು ಹುಡುಗಿ ಕುಟುಕಿದ್ದಳು.

"ನನ್ನ ಪರೀಕ್ಷೆ ಬೇರೆ ಕಣೇ," ಎಂದಿದ್ದರು ದೊಡ್ಡಕ್ಕ, ಕಾಲು ನೀವಿಕೊಳ್ಳುತ್ತ.

ಸಂಜೆ ಮಗನಿಗೆ ಫೋನು. ಊಟ, ಔಷಧಿ, ಎರಡೇ ಮಾತು. ಮಾತಾಡುತ್ತಲೇ ಬಾಲ್ಕನಿಗೆ ನಡೆದು ಬಾಗಿಲು ಎಳೆದುಕೊಂಡರೆ, ಅಲ್ಲಿಂದ ಮುಂದೆ ಬರೀ ಅರಬ್ಬಿ. ಗಂಡನ ಜೊತೆ ಒಂದು ದಿನವೂ ನಮ್ಮ ಭಾಷೆಯಲ್ಲಿ ಮಾತಾಡಿದ್ದು ಕೇಳಿಲ್ಲ. ಯಾರೋ ಗಂಡಸಿನ ಜೊತೆ ಮಾತ್ರ ತಡವರಿಸುತ್ತ, ನಾಚುತ್ತ, ಇದು ನಿನ್ನದೇ ಮನೆ. ಹುಡುಗಿಗೆ ಮೈ ಉರಿಯುತ್ತಿತ್ತು. ಅವಳ ಅಮ್ಮನಿಗೂ ಇದೇ ವಯಸ್ಸು. ತನಗೆ ಜ್ವರ ಬಂದಾಗ ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿದ್ದ ಹೆಂಗಸು ಇಂಥವಳು ಎಂದು ಒಪ್ಪಿಕೊಳ್ಳಲು ಸಂಕಟವಾಗುತ್ತಿತ್ತು.

ಇವತ್ತು ತಡೆಯಲಾಗಲಿಲ್ಲ. ಎದ್ದು ಬಾಗಿಲು ತಳ್ಳಿದಳು. "ಅಲ್ಲಿ ಒಬ್ಬರು ಹಾಸಿಗೆ ಹಿಡಿದಿದ್ದಾರೆ. ನಿಮಗಿದು ಚೆಂದಾನಾ ಅಕ್ಕಾ?"

ದೊಡ್ಡಕ್ಕ ಸಿಟ್ಟಾಗಲಿಲ್ಲ. ಅಷ್ಟು ತ್ರಾಣವೂ ಅವರಲ್ಲಿ ಉಳಿದಂತಿರಲಿಲ್ಲ. ಫೋನನ್ನೇ ಮುಂದೆ ಹಿಡಿದರು. "ಒಳ್ಳೇ ಹೊತ್ತಿಗೆ ಬಂದೆ. ಇವತ್ತು ಏನೋ ಹೊಸದು ಕೇಳ್ತಿದ್ದಾರೆ, ನನಗೆ ತಿಳೀತಿಲ್ಲ. ಏನಂತೆ ನೋಡು."

ಆಚೆಯ ದನಿ ತೊದಲುತ್ತ ಅದನ್ನೇ ಮತ್ತೆ ಕೇಳಿತು. ಹುಡುಗಿ ಮುಖ ಗಂಟಿಕ್ಕಿಕೊಂಡು ಹೇಳಿದಳು: "ದಿನಾ ಎಷ್ಟು ಅಕ್ಕರೆಯಿಂದ ಮಾತಾಡ್ತೀರಿ ಅಂತಿದಾನೆ. ನಿಮಗೆ ಮದುವೆ ಆಗಿದೆಯಾ ಅಂತ."

ದೊಡ್ಡಕ್ಕ ಬಾಲ್ಕನಿಯ ಕಂಬಿಗೆ ಒರಗಿದರು. "ಚಿಕ್ಕಂದಿನಲ್ಲಿ ಅವರು ಬೆಳೆದದ್ದು ಇದೇ ಊರಲ್ಲಿ. ಲಕ್ವ ಹೊಡೆದ ಮೇಲೆ ಇಲ್ಲಿನ ಅರಬ್ಬಿ ಮಾತೊಂದೇ ಉಳೀತು. ಮಿಕ್ಕಿದ್ದೆಲ್ಲ ಅಳಿಸಿಹೋಯ್ತು, ನಾನೂ ಸೇರಿ."

ಕಣ್ಣು ಒರೆಸಿಕೊಂಡು ಹೇಳಿದರು: "ಆಗಿದೆ ಅನ್ನು ತಾಯಿ. ಮೂವತ್ತು ವರ್ಷ ಆಯ್ತು, ನಿಮ್ಮ ಜೊತೆಗೇ ಅನ್ನು."