ಬಂಗಾರದ ರೇಕು

ಹೆಂಡತಿಯ ಹೊಟ್ಟೆನೋವಿನ ಬಗ್ಗೆ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು ಹೇಳಿದ್ದನ್ನು ನಾನು ಅವಳಿಗೆ ಹೇಳಲಿಲ್ಲ. "ಬರೇ ವಾಯು ಅಂತ" ಎಂದು ನಂಬಿಸಿ, ಹದಿನೈದು ದಿನದೊಳಗೆ ಥಾಯ್ಲೆಂಡಿಗೆ ಕರೆತಂದೆ.

ಆ ಸಣ್ಣ ಊರಿನ ಸಂತೆ, ಹೊಳೆದಂಡೆ ಎಲ್ಲ ಸುತ್ತಿ ಮಧ್ಯಾಹ್ನ ಹಳೆಯ ಗುಡಿಗೆ ಬಂದೆವು. ಒಳಗೆ ಆಳೆತ್ತರದ ಬುದ್ಧ ಕೂತಿದ್ದ. ಗೈಡ್ ಹೆಂಗಸು ನಮ್ಮಿಬ್ಬರ ಕೈಗೂ ಕಾಗದಕ್ಕಿಂತ ತೆಳುವಾದ ಒಂದೊಂದು ಬಂಗಾರದ ರೇಕು ಕೊಟ್ಟು, "ನಿಮಗೆ ಎಲ್ಲಿ ನೋವಿದೆಯೋ ಬುದ್ಧನ ಮೈಮೇಲೆ ಅಲ್ಲಿಗೇ ಇದನ್ನು ಅಂಟಿಸಿ" ಅಂದಳು.

ನನ್ನ ಕಣ್ಣು ಅವಳ ಹೊಟ್ಟೆಯ ಕಡೆಗೆ ಹೋಯಿತು.

"ನಿಂದು ಮಣಕಾಲಿಗೆ ಹಚ್ಚು," ಎಂದೆ ಅವಸರದಿಂದ.

"ಹೌದ ಮತ್ತ. ಮೆಟ್ಟಲಾ ಹತ್ತಿ ಹತ್ತಿ ಸಾಕಾಗೇತಿ," ಎಂದು ನಕ್ಕು, ಬಾಗಿ ಬುದ್ಧನ ಮೊಣಕಾಲಿಗೇ ಅಂಟಿಸಿದಳು. ನಾನು ಉಸಿರು ಬಿಟ್ಟೆ.

"ನಿಮ್ದು ಎಲ್ಲೆ ಹಚ್ತೀರಿ?"

"ನನಗೇನೂ ನೋವು-ಬ್ಯಾನಿ ಇಲ್ಲ."

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ರೇಕನ್ನು ಮೆಲ್ಲಗೆ ತೆಗೆದುಕೊಂಡು ಬುದ್ಧನ ಗಂಟಲಿಗೆ ಅಂಟಿಸಿದಳು.

"ಡಾಕ್ಟರ್ ಹೇಳಿದ್ದು ಹದಿನೈದು ದಿನದಿಂದ ನಿಮ್ಮ ಗಂಟಲಾಗ ಸಿಕ್ಕೊಂಡೇತಲ್ರಿ."